ಪರದೇಶದ ಮಹಾನಗರದಲ್ಲಿ ನಿಮ್ಮ ಗುರುತು ಹೇಳುವವರು ಯಾರು?

ಬರ್ಲಿನ್‌ನ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಒಂದೊಂದು ಮನೆಗೂ ನಂಬರ್ ಇರುವುದಿಲ್ಲ. ಬೀದಿಯ ಹೆಸರು, ಕಟ್ಟಡದ ನಂಬರ್, ಮನುಷ್ಯನ ಹೆಸರು. ವಿಳಾಸ ಅಂದರೆ ಅಷ್ಟೇ. ಕೆಳಗೆ ಬಾಗಿಲ ಹತ್ತಿರ ಅಂಚೆ ಡಬ್ಬಿಗಳ ಸಾಲು ಇರುತ್ತದೆ. ಡಬ್ಬಿಯ ಮೇಲೆ ನಿಮ್ಮ ಹೆಸರಿದ್ದರೆ ಅಂಚೆಯವರು ಕಾಗದ ಹಾಕಿ ಹೋಗುತ್ತಾರೆ. ಇಲ್ಲದಿದ್ದರೆ ಅದು ಕಳಿಸಿದವರಿಗೇ ವಾಪಸ್ಸು.

ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ತೆರಿಗೆ ನಂಬರ್ ಅಂಚೆಯಲ್ಲಿ ಬರಬೇಕು. ಬ್ಯಾಂಕಿನ ಕಾರ್ಡೂ ಅಂಚೆಯಲ್ಲೇ ಬರಬೇಕು. ಎರಡು ವಾರ ಆಯಿತು, ಮೂರು ವಾರ ಆಯಿತು, ಡಬ್ಬಿ ಖಾಲಿ. ಫೋನ್ ಮಾಡಿದರೆ 'ಕಳಿಸಿದ್ದೇವಲ್ಲ' ಅನ್ನುತ್ತಾರೆ. ಕೊನೆಗೆ ಆಫೀಸಿನಲ್ಲಿ ಯಾರೋ ಕೇಳುತ್ತಾರೆ, 'ಡಬ್ಬಿ ಮೇಲೆ ಹೆಸರು ಅಂಟಿಸಿದ್ದೀರಾ?' ಒಂದು ಚೂರು ಕಾಗದ, ಒಂದಿಷ್ಟು ಟೇಪು ಸಾಕಿತ್ತು.

ಆ ಚೂರು ಕಾಗದ ನನಗೆ ತುಂಬ ಮುಖ್ಯ ಅನಿಸುತ್ತದೆ. ಕೆಲಸಕ್ಕಾಗಿ ಪರದೇಶದ ದೊಡ್ಡ ನಗರಕ್ಕೆ ಹೋಗುವವರ ವಿಷಯ ಬಂದಾಗ ನಾವು ಸಂಬಳ, ವೀಸಾ, ಮನೆ, ಚಳಿ, ಒಂಟಿತನ ಅಂತ ಬೇರೆ ಬೇರೆ ಕಷ್ಟಗಳ ಲೆಕ್ಕ ಹಾಕುತ್ತೇವೆ. ನನ್ನ ಪ್ರಕಾರ ಇವುಗಳಲ್ಲಿ ಹೆಚ್ಚಿನವುಗಳ ಬುಡದಲ್ಲಿ ಇರುವುದು ಒಂದೇ ಕಷ್ಟ. ಆ ಊರಲ್ಲಿ 'ಇವರು ನಮಗೆ ಗೊತ್ತು' ಅಂತ ಹೇಳುವವರು ಯಾರೂ ಇಲ್ಲ. ಹಳೇ ಊರಲ್ಲಿ ಹತ್ತಿಪ್ಪತ್ತು ವರ್ಷ ಕೂಡಿಟ್ಟ ನಂಬಿಕೆ ನಿಮ್ಮ ಜೊತೆ ವಿಮಾನ ಹತ್ತುವುದಿಲ್ಲ. ಬಾಡಿಗೆ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದೀರಿ. ಸಾಲ ಅವಧಿಗೆ ಮೊದಲೇ ತೀರಿಸಿದ್ದೀರಿ. ಅಕ್ಕಪಕ್ಕದವರು ನಿಮ್ಮನ್ನು ನಂಬಿ ಮನೆ ಬಿಟ್ಟು ಹೋಗುತ್ತಿದ್ದರು. ಹೊಸ ಊರಿನ ಕಂಪ್ಯೂಟರ್‌ನಲ್ಲಿ ಇದ್ಯಾವುದೂ ಇಲ್ಲ. ಅದರ ಲೆಕ್ಕದಲ್ಲಿ ನೀವು ನಿನ್ನೆ ಹುಟ್ಟಿದವರು.

ಇದು ನಾಲ್ಕಾರು ಜನರ ಪಾಡಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ವಲಸೆ ಹೋದ ದೇಶದಲ್ಲಿ ದುಡಿಯುತ್ತಿದ್ದವರು ಅಥವಾ ಕೆಲಸ ಹುಡುಕುತ್ತಿದ್ದವರು 16.77 ಕೋಟಿ ಜನ. ಜಗತ್ತಿನ ಒಟ್ಟು ದುಡಿಯುವ ಜನರಲ್ಲಿ ಇವರದು ಶೇ 4.7 ಪಾಲು. ಇವರಲ್ಲಿ ಮೂರನೇ ಎರಡರಷ್ಟಕ್ಕಿಂತ ಜಾಸ್ತಿ ಮಂದಿ ಇದ್ದದ್ದು ಶ್ರೀಮಂತ ದೇಶಗಳಲ್ಲಿ. ಒಬ್ಬೊಬ್ಬರೂ ಒಂದು ದಿನ ಯಾವುದೋ ಕೌಂಟರ್ ಮುಂದೆ ತಮ್ಮ ಗುರುತು ಹೇಳಲು ಒದ್ದಾಡಿದವರೇ.

ಒಂದು ಕಾಗದ ಇನ್ನೊಂದನ್ನು ಕೇಳುತ್ತದೆ

ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತ ಗಾದೆ ಇದೆಯಲ್ಲ, ಹೊಸ ನಗರದ ಮೊದಲ ತಿಂಗಳು ಹೆಚ್ಚುಕಡಿಮೆ ಹಾಗೇ. ಬ್ಯಾಂಕ್ ಖಾತೆ ತೆರೆಯಲು ವಿಳಾಸ ಬೇಕು. ಮನೆ ಸಿಗಲು ಅಲ್ಲಿನ ಬ್ಯಾಂಕ್ ಖಾತೆ ಬೇಕು, ಮೂರು ತಿಂಗಳ ಸಂಬಳದ ಚೀಟಿ ಬೇಕು. ಸಂಬಳ ಬರಲು ಖಾತೆ ಬೇಕು. ಖಾತೆಯ ಅರ್ಜಿಯಲ್ಲಿ ಅಲ್ಲಿನ ಫೋನ್ ನಂಬರ್ ಕೇಳುತ್ತಾರೆ. ಫೋನ್ ಅಂಗಡಿಯಲ್ಲಿ ಖಾತೆಯ ನಂಬರ್ ಕೇಳುತ್ತಾರೆ.

ಕೌಂಟರ್‌ನಲ್ಲಿ ಕೂತವರದು ಇದರಲ್ಲಿ ತಪ್ಪಿಲ್ಲ. ಅವರ ಮುಂದೆ ಒಂದು ಪಟ್ಟಿ ಇರುತ್ತದೆ, ಅದನ್ನು ನೋಡಿ ಕೇಳುತ್ತಾರೆ. ಕಳ್ಳ ಹಣದ ಓಡಾಟ ತಡೆಯಲು 1989ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಜಿ7 ದೇಶಗಳು ಎಫ್‌ಎಟಿಎಫ್ ಎಂಬ ಕಾರ್ಯಪಡೆಯನ್ನು ಹುಟ್ಟುಹಾಕಿದವು. ಅದರ ಶಿಫಾರಸುಗಳನ್ನು ಇಟ್ಟುಕೊಂಡು ಒಂದೊಂದೇ ದೇಶ ಕಾನೂನು ಬಿಗಿ ಮಾಡಿತು. ಗ್ರಾಹಕ ಯಾರು, ಎಲ್ಲಿದ್ದಾನೆ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಬ್ಯಾಂಕು ಕೇಳಲೇಬೇಕಾಯಿತು. ಕಳ್ಳನನ್ನು ಹಿಡಿಯಲು ಹೆಣೆದ ಬಲೆ ಅದು. ನಿನ್ನೆ ಬಂದಿಳಿದವರ ಕಾಲೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಸುತ್ತನ್ನು ಎಲ್ಲಿ ಕತ್ತರಿಸಬೇಕು? ಬಹಳಷ್ಟು ಕಡೆ ವಿಳಾಸದಲ್ಲಿ. ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. 2015ರ ನವೆಂಬರ್‌ನಿಂದ ಈ ಪತ್ರ ಕಡ್ಡಾಯ. ತೆರಿಗೆ ನಂಬರ್ ಹೊರಡುವುದು ಈ ನೋಂದಣಿ ಆದಮೇಲೆ. ಜಪಾನಿನಲ್ಲೂ ಗಡುವು 14 ದಿನ. ವಾರ್ಡ್ ಕಚೇರಿಗೆ ಹೋದರೆ ವಾಸದ ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಹಾಕಿಕೊಡುತ್ತಾರೆ. ಅದಾದ ಮೇಲೇ ಉಳಿದ ಬಾಗಿಲುಗಳು ತೆರೆಯುತ್ತವೆ.

ಹಾಗಾಗಿ ಮೊದಲ ತಿಂಗಳಿಗೆ ತಾತ್ಕಾಲಿಕ ಮನೆ ಹಿಡಿಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅಂತಲ್ಲ. 'ಈ ವಿಳಾಸದಲ್ಲಿ ನೋಂದಣಿ ಮಾಡಿಸಲು ಬಿಡುತ್ತೀರಾ?' ಎಷ್ಟೋ ಕೋಣೆಗಳ ಮಾಲೀಕರು ಒಪ್ಪುವುದಿಲ್ಲ. ದುಡ್ಡು ಕಟ್ಟಿದ ಮೇಲೆ ಇದು ಗೊತ್ತಾದರೆ ಒಂದು ತಿಂಗಳು ಸುಮ್ನೆ ಹಾಳು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಇನ್ನೊಂದು ದಾರಿ ಇದೆ. 2014ರ ನಿರ್ದೇಶನದ ಪ್ರಕಾರ ಅಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗೇ ಆಗಲಿ, ಖಾಯಂ ವಿಳಾಸ ಇಲ್ಲದಿದ್ದರೂ, ಮೂಲಭೂತ ಬ್ಯಾಂಕ್ ಖಾತೆ ಪಡೆಯುವ ಹಕ್ಕಿದೆ. ಪೂರ್ಣ ಅರ್ಜಿ ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕು ಖಾತೆ ತೆರೆಯಬೇಕು, ಇಲ್ಲ ಅಂದರೆ ಆಗಲ್ಲ ಅಂತ ಹೇಳಬೇಕು. ಇದು ಗೊತ್ತಿಲ್ಲದೆ ಮೊದಲ ಕೌಂಟರ್‌ನಿಂದಲೇ ವಾಪಸ್ಸು ಬರುವವರು ತುಂಬ ಜನ.

ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಹೆಸರಿರುವವರಿಗೆ, ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿರುವವರಿಗೆ, ಎರಡು ದಾಖಲೆಯಲ್ಲಿ ಎರಡು ಬಗೆ ಅಕ್ಷರ ಇರುವವರಿಗೆ ಪರದೇಶದ ಅರ್ಜಿಗಳು ದೊಡ್ಡ ತಲೆನೋವು. ಹೆಸರಿನ ಎರಡು ಖಾನೆಗಳಲ್ಲಿ ಒಂದು ಪಾಸ್‌ಪೋರ್ಟಿನಲ್ಲಿ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಬ್ಯಾಂಕಿನ ಕಾರ್ಡು, ಚಾಲನಾ ಪರವಾನಗಿ, ಸಂಬಳದ ಚೀಟಿ ಎಲ್ಲದರಲ್ಲೂ ಆ ಮೂರಕ್ಷರ ಹಿಂಬಾಲಿಸಿಕೊಂಡು ಬರಬಹುದು. ಹೊರಡುವ ಮೊದಲೇ ಪಾಸ್‌ಪೋರ್ಟ್, ಪದವಿ ಪತ್ರ, ಮದುವೆ ಪತ್ರ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿಕೊಳ್ಳುವುದು ಒಳ್ಳೆಯದು. ಪರದೇಶದ ಕಚೇರಿ ಇವನ್ನು ಒಪ್ಪಬೇಕಾದರೆ ಅಪೊಸ್ಟೀಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಅದನ್ನು ಕೊಟ್ಟ ದೇಶ ಒತ್ತುವ ಮುದ್ರೆ, ಬೇಕಾಗಬಹುದು. ಹೇಗ್‌ನಲ್ಲಿ 1961ರಲ್ಲಿ ಆದ ಒಪ್ಪಂದದಿಂದ ಬಂದದ್ದು ಅದು. ಕೆನಡಾದಲ್ಲಿ ಆ ಒಪ್ಪಂದ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಆ ದೇಶಕ್ಕೆ ಹೋಗುವವರು ರಾಯಭಾರ ಕಚೇರಿಗಳ ಸುತ್ತ ಅಲೆಯಬೇಕಿತ್ತು.

ಇನ್ನೊಂದು ಮಾತು. ಹಳೇ ಫೋನ್ ನಂಬರ್ ಬಿಡಬೇಡಿ. ಹಳೇ ಬ್ಯಾಂಕಿನ ಒಟಿಪಿ ಆ ನಂಬರಿಗೇ ಬರುವುದು. ನಂಬರ್ ಸತ್ತರೆ ನಿಮ್ಮದೇ ದುಡ್ಡು ನಿಮಗೆ ಸಿಗುವುದಿಲ್ಲ, ಅದೂ ಹೊಸ ಖಾತೆ ಇನ್ನೂ ತೆರೆಯದೇ ಇರುವ ಹೊತ್ತಿನಲ್ಲಿ.

ಮನೆ ಅಂದರೆ ಜಾಮೀನು

ಮಾಲೀಕರಿಗೆ ಬಾಡಿಗೆ ಬಂದೇ ಬರುತ್ತದೆ ಅನ್ನುವ ಭರವಸೆ ಬೇಕು. ಅದನ್ನು ಒಂದೊಂದು ನಗರ ಒಂದೊಂದು ಥರ ಕೇಳುತ್ತದೆ. ನ್ಯೂಯಾರ್ಕ್‌ನಲ್ಲಿ ನಡೆದುಬಂದ ರೂಢಿ ಅಂದರೆ ವರ್ಷದ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು. ಇಲ್ಲದಿದ್ದರೆ ಜಾಮೀನುದಾರರು ಬೇಕು, ಅವರ ಆದಾಯ 80 ಪಟ್ಟು ಇರಬೇಕು. ಪ್ಯಾರಿಸ್‌ನಲ್ಲಿ ತಿಂಗಳ ಆದಾಯ ಬಾಡಿಗೆಯ ಮೂರು ಪಟ್ಟು ಕೇಳುತ್ತಾರೆ, ಜೊತೆಗೆ ಜಾಮೀನು. ಜಾಮೀನು ಕೊಡುವವರು ಫ್ರಾನ್ಸಿನಲ್ಲೇ ಇರುವವರಾದರೆ ಮಾಲೀಕರಿಗೆ ಸಮಾಧಾನ. ನಿನ್ನೆ ಬಂದವರಿಗೆ ಅಲ್ಲಿ ಜಾಮೀನು ನಿಲ್ಲುವವರು ಎಲ್ಲಿಂದ ಬರಬೇಕು? ಈ ಕೊರತೆ ತುಂಬಲೆಂದೇ ಅಲ್ಲಿ ವಿಸಾಲೆ ಎಂಬ ಉಚಿತ ಜಾಮೀನು ವ್ಯವಸ್ಥೆ ಇದೆ. ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೆ ಅದು ಅನುಕೂಲ. ಟೋಕಿಯೋದಲ್ಲಿ ಜಾಮೀನು ನಿಲ್ಲುವುದೇ ಒಂದು ವ್ಯಾಪಾರ. ಅದಕ್ಕೆಂದೇ ಕಂಪನಿಗಳಿವೆ, ಅವಕ್ಕೆ ಶುಲ್ಕ ಕಟ್ಟಬೇಕು. ಅದರ ಜೊತೆ ಮುಂಗಡ. ಕೆಲವು ಮನೆಗಳಿಗೆ 'ರೇಕಿನ್' ಅಂತ ಮಾಲೀಕರಿಗೆ ಕೊಡುವ ಉಡುಗೊರೆ ಹಣ, ಅದು ವಾಪಸ್ಸು ಬರುವುದಿಲ್ಲ. ಜರ್ಮನಿಯಲ್ಲಿ ಶುಫಾ ಎಂಬ ಸಂಸ್ಥೆಯ ಸಾಲ ಚರಿತ್ರೆಯ ಪತ್ರ ಕೇಳುತ್ತಾರೆ. ನಿಮ್ಮ ಬಗ್ಗೆ ಅದರ ಬಳಿ ಇನ್ನೂ ಒಂದು ಸಾಲೂ ಇರುವುದಿಲ್ಲ.

ಮುಂಗಡದ ಮಿತಿ ಎಷ್ಟು ಅಂತ ಹೋಗುವ ಮೊದಲೇ ತಿಳಿದಿರಬೇಕು. ಜರ್ಮನಿಯಲ್ಲಿ ಅದು ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆ, ಅದನ್ನೂ ಮೂರು ಕಂತಲ್ಲಿ ಕಟ್ಟಬಹುದು. ಇಂಗ್ಲೆಂಡಿನಲ್ಲಿ 2019ರ ಕಾನೂನಿನಂತೆ ಐದು ವಾರದ ಬಾಡಿಗೆ, ವರ್ಷದ ಬಾಡಿಗೆ 50,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆರು ವಾರದ್ದು. ಹೊಸಬರು ಅಂತ ಗೊತ್ತಾದರೆ ಜಾಸ್ತಿ ಕೇಳುವವರು ಇದ್ದೇ ಇರುತ್ತಾರೆ. ಕಾನೂನು ಗೊತ್ತಿದ್ದರೆ ಒಂದು ಮಾತಾದರೂ ಆಡಬಹುದು.

ಮೋಸ ಹುಟ್ಟುವುದೂ ಈ ಜಾಗದಲ್ಲೇ. ಚೆಂದದ ಫೋಟೋ, ಒಳ್ಳೇ ಬಡಾವಣೆ, ಬಾಡಿಗೆ ಮಾತ್ರ ಯಾಕೋ ಕಡಿಮೆ. ಮಾಲೀಕರು ಬರೆಯುತ್ತಾರೆ: ನಾನು ಈಗ ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ. ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಿರುತ್ತಾರೆ. ಅದು ಇದೇ ಥರ ಮೋಸ ಹೋದ ಇನ್ಯಾರದೋ ಪಾಸ್‌ಪೋರ್ಟ್ ಆಗಿರಬಹುದು. ಓದುವಾಗ ಯಾರು ನಂಬುತ್ತಾರೆ ಅನಿಸುತ್ತದೆ. ಆದರೆ ಮೂವತ್ತು ಕಡೆ ಅರ್ಜಿ ಹಾಕಿ ಒಂದು ಉತ್ತರವೂ ಬಾರದೆ, ಹೋಟೆಲಿನ ಬಿಲ್ಲು ದಿನದಿನ ಏರುತ್ತಿರುವಾಗ, 'ನಿಮ್ಮನ್ನು ನಂಬುತ್ತೇನೆ' ಅಂತ ಒಬ್ಬರು ಬರೆದರೆ ಮನಸ್ಸು ಅಲ್ಲೇ ವಾಲುತ್ತದೆ. ಮೋಸಗಾರರು ಹಿಡಿಯುವುದು ನಮ್ಮ ದಡ್ಡತನವನ್ನಲ್ಲ, ನಮ್ಮ ದಣಿವನ್ನು. ಕಣ್ಣಾರೆ ನೋಡದ ಮನೆಗೆ, ನೀವಾಗಲಿ ನಿಮ್ಮ ಪರವಾಗಿ ಇನ್ನೊಬ್ಬರಾಗಲಿ ಒಳಗೆ ಕಾಲಿಡದ ಮನೆಗೆ, ಒಂದು ಪೈಸೆಯೂ ಕಳಿಸಬೇಡಿ.

ಎಲ್ಲಿ ಮನೆ ಮಾಡಬೇಕು ಅನ್ನುವುದಕ್ಕೆ ನನ್ನ ಬಳಿ ಒಂದೇ ಅಳತೆ. ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಹೇಳಿದರು. ಕಾಲ ಯಾವುದೇ ಇರಲಿ, ವಾಹನ ಯಾವುದೇ ಇರಲಿ, ಮನುಷ್ಯರು ದಿನದ ಓಡಾಟಕ್ಕೆ ಸುಮಾರು ಒಂದು ಗಂಟೆ ಕೊಡುತ್ತಾರೆ ಅಂತ. ಹೋಗಿ ಬರುವುದು ಸೇರಿ ಒಂದು ಗಂಟೆ. ದೊಡ್ಡ ನಗರದಲ್ಲಿ ಅಷ್ಟರಲ್ಲೇ ಮುಗಿಸುವುದು ಕಷ್ಟ, ನಿಜ. ಆದರೆ ಬಾಡಿಗೆ ಉಳಿಯುತ್ತದೆ ಅಂತ ದಿನಕ್ಕೆ ಮೂರು ಗಂಟೆ ರೈಲಿನಲ್ಲಿ ಕಳೆಯುವವರಿಗೆ ಆ ಗಂಟೆಗಳು ಬೇರೆಲ್ಲೋ ಕೊರತೆಯಾಗುತ್ತವೆ. ಎಲ್ಲಿ ಅನ್ನುವುದು ಮುಂದೆ ಬರುತ್ತದೆ.

ಒಂದೇ ಗೂಟಕ್ಕೆ ಕಟ್ಟಿದ ಹಗ್ಗ

ಯಾರೂ ಗುರುತು ಹೇಳದ ಊರಲ್ಲಿ ಮೊದಲ ದಿನದಿಂದ ನಿಮ್ಮ ಗುರುತು ಹೇಳುವುದು ಒಬ್ಬರೇ, ಕೆಲಸ ಕೊಟ್ಟ ಕಂಪನಿ. ವೀಸಾ ಅದರ ಹೆಸರಲ್ಲಿ. ಮನೆ ಸಿಗುವುದು ಅದರ ಪತ್ರದಿಂದ. ಎಷ್ಟೋ ಕಡೆ ಆರೋಗ್ಯ ವಿಮೆಯೂ ಅದರದೇ. ಎಲ್ಲ ಹಗ್ಗಗಳೂ ಒಂದೇ ಗೂಟಕ್ಕೆ. ಗೂಟ ಕಿತ್ತರೆ?

ಅಮೆರಿಕದ ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. 2017ರ ಜನವರಿಯಿಂದ ಈ ನಿಯಮ ಇದೆ. ವಾಸದ ಅವಧಿ ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲೂ ಸಾಮಾನ್ಯವಾಗಿ 60 ದಿನಕ್ಕೆ ಇಳಿಸುತ್ತಾರೆ. ಸಿಂಗಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್ ರದ್ದಾದರೆ 30 ದಿನ. ನೆದರ್‌ಲ್ಯಾಂಡ್ಸ್‌ನಲ್ಲಿ ಪರಿಣತ ವಲಸಿಗರಿಗೆ ಮೂರು ತಿಂಗಳು. ಯುರೋಪಿಯನ್ ಒಕ್ಕೂಟದ ದೇಶಗಳು ಪರಿಣತ ಕೆಲಸದವರಿಗೆ ಕೊಡುವ ಬ್ಲೂ ಕಾರ್ಡ್ ಇರುವವರಿಗೆ 2021ರ ಹೊಸ ನಿರ್ದೇಶನದಂತೆ ಮೂರು ತಿಂಗಳ ನಿರುದ್ಯೋಗಕ್ಕೆ ಅವಕಾಶ. ಕಾರ್ಡು ಎರಡು ವರ್ಷ ಹಳೆಯದಾಗಿದ್ದರೆ ಆರು ತಿಂಗಳು.

60 ದಿನ ಅಂದರೆ ಎಷ್ಟು ಅಂತ ಕೂತು ಲೆಕ್ಕ ಹಾಕಿ. ಕೆಲಸ ಹೋದ ಆಘಾತದಲ್ಲಿ ಮೊದಲ ವಾರ ಹೋಗುತ್ತದೆ. ಅರ್ಜಿ ಹಾಕಲು, ಉತ್ತರ ಬರಲು ಎರಡು ಮೂರು ವಾರ. ಆಮೇಲೆ ನಾಲ್ಕೈದು ಸುತ್ತಿನ ಸಂದರ್ಶನ. ಕೆಲಸ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಹೊಸ ಕಂಪನಿ ವೀಸಾ ಕಾಗದ ಸಿದ್ಧ ಮಾಡಬೇಕು. ಇನ್ನೊಂದು ಕಡೆ ಬಾಡಿಗೆ ಕರಾರು ಮುರಿಯಬೇಕಾ, ಮಗುವನ್ನು ವರ್ಷದ ನಡುವೆ ಶಾಲೆ ಬಿಡಿಸಬೇಕಾ ಅನ್ನುವ ಚಿಂತೆ. ಇಷ್ಟು ಸಾಲುವುದಿಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆರು ತಿಂಗಳು ಕೊಟ್ಟರೆ ಯಾವ ದೇಶವೂ ಮುಳುಗಿಹೋಗುವುದಿಲ್ಲ.

ಕೆಲಸ ಹೋಗದೇ ಇದ್ದಾಗಲೂ ಈ ಗಡುವು ಕೆಲಸ ಮಾಡುತ್ತಿರುತ್ತದೆ ಅನ್ನುವುದೇ ಇದರ ಕೆಟ್ಟ ಗುಣ. ಬಡ್ತಿ ಕೇಳಲು ಹಿಂಜರಿಕೆ. ರಾತ್ರಿ ಹತ್ತಕ್ಕೆ ಬಂದ ಕೆಲಸಕ್ಕೆ ಇಲ್ಲ ಅನ್ನಲು ಹೆದರಿಕೆ. ಪಕ್ಕದ ಮೇಜಿನವರು ಸಿಟ್ಟು ಬಂದರೆ ರಾಜೀನಾಮೆ ಕೊಟ್ಟು ಹೋಗಬಹುದು, ನೀವು ಹೋಗುವ ಹಾಗಿಲ್ಲ. ಇಬ್ಬರ ಕೆಲಸ ಒಂದೇ ಆದರೂ ಕಾಲಡಿಯ ನೆಲ ಬೇರೆ. ಕೊಲ್ಲಿ ದೇಶಗಳ ಕಫಾಲಾ ಪದ್ಧತಿಯಲ್ಲಿ ಈ ಕಟ್ಟು ಇನ್ನೂ ಬಿಗಿಯಾಗಿತ್ತು. ಮಾಲೀಕರ ಒಪ್ಪಿಗೆ ಪತ್ರ ಇಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಕತಾರ್ 2020ರಲ್ಲಿ ಆ ಪತ್ರದ ಕಡ್ಡಾಯವನ್ನು ತೆಗೆದುಹಾಕಿತು. ಸೌದಿ ಅರೇಬಿಯಾ 2021ರ ಮಾರ್ಚ್‌ನಲ್ಲಿ ಅದೇ ದಿಕ್ಕಿನಲ್ಲಿ ಸುಧಾರಣೆ ತಂದಿತು. ಕಾಗದದ ಮೇಲಿನ ನಿಯಮ ಕೆಲಸದ ಜಾಗಕ್ಕೆ ಇಳಿಯಲು ಹೊತ್ತು ಬೇಕು. ಆದರೂ ದಿಕ್ಕು ಸರಿ ಇದೆ.

ಸಹಿ ಹಾಕುವ ಮೊದಲು ಕರಾರಿನಲ್ಲಿ ನೋಡಲೇಬೇಕಾದ ಒಂದು ಷರತ್ತು ಇದೆ. ಒಂದು ವರ್ಷದೊಳಗೋ ಎರಡು ವರ್ಷದೊಳಗೋ ಕೆಲಸ ಬಿಟ್ಟರೆ ವಿಮಾನದ ಖರ್ಚು, ಸಾಮಾನು ಸಾಗಿಸಿದ ಖರ್ಚು, ಮೊದಲ ತಿಂಗಳ ಹೋಟೆಲು ಎಲ್ಲ ಹಿಂದಿರುಗಿಸಬೇಕು ಅಂತ ಎಷ್ಟೋ ಕಂಪನಿಗಳು ಬರೆಸಿಕೊಳ್ಳುತ್ತವೆ. ನೀವು ಬಿಟ್ಟರೆ ಸರಿ, ಅವರೇ ತೆಗೆದರೆ? ಆಗ ಆ ಖರ್ಚು ಯಾರದು, ವಾಪಸ್ಸು ಹೋಗುವ ಟಿಕೆಟ್ ಯಾರದು ಅನ್ನುವುದು ಬರಹದಲ್ಲಿ ಇರಲಿ. ಬ್ರಿಟನ್ನಿಗೆ ಹೋಗುವವರು ಆರೋಗ್ಯ ಸರ್‌ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಶುಲ್ಕದ ಬಗ್ಗೆಯೂ ಕೇಳಬೇಕು. 2024ರ ಫೆಬ್ರುವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ವೀಸಾದ ಅಷ್ಟೂ ವರ್ಷದ್ದನ್ನು ಮೊದಲೇ ಒಟ್ಟಿಗೆ ಕಟ್ಟಬೇಕು. ಗಂಡ ಹೆಂಡತಿ ಮೂರು ವರ್ಷಕ್ಕೆ ಹೊರಟರೆ ಇಬ್ಬರದು ಸೇರಿ 6,210 ಪೌಂಡ್ ಆಯಿತು. ಇದನ್ನು ಕಂಪನಿ ಕಟ್ಟುತ್ತದಾ ಇಲ್ಲವಾ ಅನ್ನುವುದು ಸಣ್ಣ ಪ್ರಶ್ನೆಯಲ್ಲ.

ಜೊತೆಯಲ್ಲಿ ಹೋಗುವ ಸಂಗಾತಿಯ ಪಾಡನ್ನು ಯಾರೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವುದು ನನ್ನ ಬೇಸರ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದವರ ಜೊತೆ ಬಂದ ಸಂಗಾತಿ ಕೆಲಸ ಮಾಡಬಹುದು. ಸಿಂಗಪುರದಲ್ಲಿ 2021ರ ಮೇ ತಿಂಗಳಿಂದ ಅವರಿಗೆ ತಮ್ಮದೇ ಕೆಲಸದ ಪಾಸ್ ಬೇಕು. ಅಮೆರಿಕದಲ್ಲಿ ಎಚ್-1ಬಿ ವೀಸಾದವರ ಸಂಗಾತಿಗಳಿಗೆ 2015ರಿಂದ ಕೆಲಸದ ಅನುಮತಿ ಸಿಗುತ್ತದೆ, ಅದೂ ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ. ಹತ್ತು ವರ್ಷ ದುಡಿದು ತಮ್ಮ ಹೆಸರು ತಾವೇ ಮಾಡಿಕೊಂಡವರು ಹೊಸ ಊರಲ್ಲಿ ಇನ್ನೊಬ್ಬರ ಕಡತದೊಳಗಿನ ಒಂದು ಹಾಳೆಯಾಗುತ್ತಾರೆ. ಒಬ್ಬರಿಗೆ ಆಫೀಸಾದರೂ ಇದೆ. ಇನ್ನೊಬ್ಬರಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಗುರುತು ಹಿಡಿದು ಮಾತಾಡಿಸುವ ಒಂದು ಜೀವವೂ ಇಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲು ಇಬ್ಬರೂ ಕೂತು ಮಾತಾಡಬೇಕಾದ ವಿಷಯ ಇದು. ಹೋದ ಮೇಲೆ ಮಾತಾಡಿದರೆ ಅದು ಜಗಳವೇ.

ತೆರಿಗೆ ಮತ್ತು ಪಿಂಚಣಿ ಬಗ್ಗೆ ಎರಡೇ ಮಾತು. ವರ್ಷದಲ್ಲಿ 183 ದಿನಕ್ಕಿಂತ ಜಾಸ್ತಿ ಎಲ್ಲಿ ಇದ್ದೀರಿ ಅನ್ನುವುದು ಬಹಳ ದೇಶಗಳಲ್ಲಿ ಮುಖ್ಯ ಅಳತೆ. ಹಾಗಾಗಿ ಹೊರಡುವ ತಿಂಗಳು ಯಾವುದು ಅನ್ನುವುದರಿಂದಲೂ ತೆರಿಗೆ ಬದಲಾಗುತ್ತದೆ. ಸಂಬಳದಿಂದ ಕಡಿತವಾದ ಪಿಂಚಣಿ ಹಣವನ್ನು ಬಿಟ್ಟು ಬರಬೇಡಿ. ಜಪಾನಿನಿಂದ ಹೊರಟವರು ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಅದರಲ್ಲಿ ಒಂದು ಪಾಲು ವಾಪಸ್ಸು ಸಿಗುತ್ತದೆ.

ಐವತ್ತು ಗಂಟೆ, ಇನ್ನೂರು ಗಂಟೆ

ಕಾಗದಗಳು ಒಂದು ದಿನ ಮುಗಿಯುತ್ತವೆ. ಮನೆ ಸಿಕ್ಕಿರುತ್ತದೆ, ಕಾರ್ಡು ಬಂದಿರುತ್ತದೆ, ಆಫೀಸಿನ ದಾರಿ ನೋಡದೆ ನಡೆಯುವಷ್ಟು ಪರಿಚಯ ಆಗಿರುತ್ತದೆ. ಆಗ ಒಂದು ಶನಿವಾರ ಬರುತ್ತದೆ. ಡಿಸೆಂಬರ್ ಆಗಿದ್ದರೆ ಲಂಡನ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗಿರುತ್ತದೆ. ಬಟ್ಟೆ ಒಗೆದಾಯಿತು, ಮನೆ ಗುಡಿಸಿದ್ದಾಯಿತು. ಫೋನ್ ಕೈಗೆ ತೆಗೆದುಕೊಂಡು ಯಾರಿಗೆ ಮಾಡಲಿ ಅಂತ ನೋಡಿದರೆ ಇರುವ ಹೆಸರುಗಳೆಲ್ಲ ಬೇರೆ ಗಡಿಯಾರದಲ್ಲಿ ನಿದ್ದೆ ಮಾಡುತ್ತಿವೆ. ಶುಕ್ರವಾರ ಸಂಜೆಯಿಂದ ಒಂದು ಮಾತೂ ಆಡಿಲ್ಲ ಅಂತ ಹೊಳೆಯುವುದು ಆಗಲೇ.

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಕೊಟ್ಟ ಉಪನ್ಯಾಸದಲ್ಲಿ 'ಕಲ್ಚರ್ ಶಾಕ್' ಅಂದರೆ ಏನು ಅಂತ ಬಿಡಿಸಿ ಹೇಳಿದರು. ಯಾವಾಗ ಕೈ ಕುಲುಕಬೇಕು, ಯಾವಾಗ ಬಕ್ಷೀಸು ಕೊಡಬೇಕು, ಯಾವ ಮಾತನ್ನು ನಿಜ ಅಂತ ತೆಗೆದುಕೊಳ್ಳಬೇಕು, ಇಂಥ ನೂರಾರು ಸಣ್ಣ ಸುಳಿವುಗಳ ಮೇಲೆ ನಮ್ಮ ದಿನ ನಡೆಯುತ್ತಿರುತ್ತದೆ. ಅವೆಲ್ಲ ಒಟ್ಟಿಗೆ ಕಳೆದುಹೋದರೆ ಮನಸ್ಸು ತಳಮಳಗೊಳ್ಳುತ್ತದೆ ಅನ್ನುವುದು ಅವರ ಮಾತಿನ ತಿರುಳು. ಮರುವರ್ಷ ನಾರ್ವೆಯ ಸಂಶೋಧಕ ಸ್ವೆರೆ ಲಿಸ್‌ಗಾರ್ಡ್ ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋಗಿಬಂದ 200 ವಿದ್ವಾಂಸರ ಅನುಭವ ಕೇಳಿ ಬರೆದ ಅಧ್ಯಯನ ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು, 18 ತಿಂಗಳಿಗಿಂತ ಜಾಸ್ತಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನವರಿಗೆ ಕಷ್ಟವಾಗಿತ್ತು. ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಅನ್ನುವ ಗೆರೆ ಹುಟ್ಟಿದ್ದು ಹೀಗೆ.

ಈ ಗೆರೆ ಎಲ್ಲರಿಗೂ ಹೊಂದುವುದಿಲ್ಲ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಃಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಗಮನಿಸಿದರು. ಅತಿ ಹೆಚ್ಚು ಕಷ್ಟ ಇದ್ದದ್ದು ಬಂದ ಹೊಸದರಲ್ಲೇ. ನನಗೆ ಇದೇ ಸರಿ ಅನಿಸುತ್ತದೆ. ಮೊದಲ ವಾರಗಳ ದಣಿವನ್ನು ನಾವು ಉತ್ಸಾಹ ಅಂತ ಕರೆದುಕೊಳ್ಳುತ್ತೇವೆ, ಯಾಕೆಂದರೆ ಮಾಡಲು ಏನಾದರೂ ಇರುತ್ತದೆ. ಮನೆಯವರು ಕೇಳಿದಾಗ 'ಚೆನ್ನಾಗಿದ್ದೀನಿ' ಅನ್ನುತ್ತೇವೆ. ಖುಷಿಯಾಗಿರಬೇಕಾದ ಹೊತ್ತಿನಲ್ಲಿ ಯಾಕೆ ಹೀಗೆ ಅಂತ ಕೊರಗುವವರಿಗೆ ಈ ಅಧ್ಯಯನದ ಸುದ್ದಿ ಮುಟ್ಟಬೇಕು. ನಿಮ್ಮಲ್ಲಿ ಏನೂ ದೋಷ ಇಲ್ಲ.

ಸ್ನೇಹಕ್ಕೆ ಎಷ್ಟು ಹೊತ್ತು ಬೇಕು? ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಗಂಟೆಯಲ್ಲಿ ಅಳೆದರು. ಅಧ್ಯಯನದ ಒಂದು ಭಾಗದಲ್ಲಿ ಅವರು ಮಾತಾಡಿಸಿದ್ದು ಹಿಂದಿನ ಆರು ತಿಂಗಳಲ್ಲಿ ಊರು ಬದಲಿಸಿದವರನ್ನೇ. ಪರಿಚಯ ದಾಟಿ ಸಾಧಾರಣ ಸ್ನೇಹ ಆಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು. ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ. ಆಪ್ತರಾಗಲು 200 ಗಂಟೆಗೂ ಜಾಸ್ತಿ. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ವಾರಕ್ಕೆ ಎರಡು ಗಂಟೆ ಸಿಕ್ಕರೆ 50 ಗಂಟೆ ಆಗಲು ಆರು ತಿಂಗಳು, 200 ಗಂಟೆ ಆಗಲು ಎರಡು ವರ್ಷ ಹಿಡಿಯುತ್ತದೆ. ಮೂರು ತಿಂಗಳಾದರೂ ಒಬ್ಬರೂ ಹತ್ತಿರದವರಾಗಲಿಲ್ಲ ಅಂತ ಅಳುವವರಿಗೆ ಈ ಲೆಕ್ಕ ಸಮಾಧಾನ ತರುತ್ತದೆ. ರೈಲಿನಲ್ಲಿ ಹೋಗುವ ಮೂರು ಗಂಟೆ ಕೊರತೆಯಾಗುವುದು ಇಲ್ಲೇ.

ಹಾಗಾದರೆ ಆ ಗಂಟೆಗಳನ್ನು ಎಲ್ಲಿ ಕಳೆಯಬೇಕು? ಊರಿಗೆ ಬಂದವಳು ನೀರಿಗೆ ಬರದಿರುತ್ತಾಳಾ ಅಂತಾರಲ್ಲ, ಎಲ್ಲರೂ ಬಂದೇ ಬರುವ ಜಾಗಗಳಲ್ಲಿ. 1950ರಲ್ಲಿ ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಇಬ್ಬರು ಜೊತೆಗಾರರು ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿಗಳಲ್ಲಿ ಯಾರಿಗೆ ಯಾರು ಸ್ನೇಹಿತರು ಅಂತ ಹುಡುಕಿ ಬರೆದರು. ಸ್ವಭಾವಕ್ಕಿಂತ ಬಾಗಿಲುಗಳ ನಡುವಿನ ದೂರವೇ ಜಾಸ್ತಿ ಕೆಲಸ ಮಾಡಿತ್ತು. ಮೆಟ್ಟಿಲ ಬುಡದಲ್ಲಿ, ಅಂಚೆ ಡಬ್ಬಿಗಳ ಹತ್ತಿರ ಮನೆ ಇದ್ದವರಿಗೆ ಮೇಲಿನ ಮಹಡಿಯಲ್ಲಿ ಸ್ನೇಹಿತರು ಜಾಸ್ತಿ ಇದ್ದರು. ದಿನಾ ಒಂದೇ ಹೊತ್ತಿಗೆ ಒಂದೇ ಕಡೆ ಕಾಣಿಸಿಕೊಂಡವರು ನಿಧಾನಕ್ಕೆ ಮುಖಪರಿಚಯದವರಾಗುತ್ತಾರೆ. ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1972ರಲ್ಲಿ ಇಂಥವರನ್ನು 'ಪರಿಚಿತ ಅಪರಿಚಿತರು' ಅಂತ ಕರೆದರು. ವರ್ಷಗಟ್ಟಲೆ ಒಂದೇ ರೈಲು ನಿಲ್ದಾಣದಲ್ಲಿ ನೋಡುತ್ತೇವೆ, ಒಂದು ಮಾತೂ ಆಡಿರುವುದಿಲ್ಲ. ಅದೇ ವ್ಯಕ್ತಿ ದೂರದ ಊರಲ್ಲಿ ಸಿಕ್ಕರೆ ಹಳೇ ಗೆಳೆಯರ ಹಾಗೆ ಮಾತಿಗೆ ನಿಲ್ಲುತ್ತೇವೆ. ಹೊಸ ನಗರದಲ್ಲಿ ಇಂಥ ಮುಖಗಳನ್ನು ಬೇಗ ಕೂಡಿಸಿಕೊಳ್ಳಬೇಕು. ಅದಕ್ಕೇ ಒಂದು ಭಾಷಾ ತರಗತಿ, ಒಂದು ಈಜುಕೊಳ, ವಾರಕ್ಕೊಮ್ಮೆ ಹಾಡುವ ಒಂದು ಗುಂಪು, ಯಾವುದಾದರೂ ಒಂದನ್ನು ಹಿಡಿದು ವರ್ಷವಿಡೀ ಹೋಗುವುದು ಹತ್ತು ಕಡೆ ಒಂದೊಂದು ಸಲ ಹೋಗುವುದಕ್ಕಿಂತ ಮೇಲು.

ಈ ಹಗುರ ಪರಿಚಯಗಳನ್ನು ಕಡೆಗಣಿಸಬಾರದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪರಿಚಯದವರಿಂದ ಕೆಲಸ ಸಿಕ್ಕವರನ್ನು ಕೇಳಿದ್ದರು. ಆ ಪರಿಚಯದವರನ್ನು ಪದೇ ಪದೇ ನೋಡುತ್ತಿದ್ದವರು ಶೇ 16.7 ಮಾತ್ರ. ಉಳಿದವರಿಗೆಲ್ಲ ಕೆಲಸದ ಸುದ್ದಿ ಕೊಟ್ಟದ್ದು ಅಪರೂಪಕ್ಕೋ ಅಷ್ಟಿಷ್ಟೋ ಸಿಗುತ್ತಿದ್ದವರು. ಇದನ್ನು ಆ 60 ದಿನದ ಪಕ್ಕ ಇಟ್ಟು ನೋಡಿ. ಒಂದೇ ಗೂಟಕ್ಕೆ ಕಟ್ಟಿದ ಹಗ್ಗಕ್ಕೆ ಎರಡನೇ ಗೂಟ ಸಿಗುವುದು ಇಂಥವರಿಂದಲೇ.

ನಮ್ಮದೇ ಭಾಷೆ ಮಾತಾಡುವವರ ಬಳಗ ಸಿಕ್ಕರೆ ಅದು ದೊಡ್ಡ ಆಸರೆ. ಯಾವ ಕಚೇರಿ ಎಲ್ಲಿ, ಯಾವ ವೈದ್ಯರು ಹೊಸಬರನ್ನು ತೆಗೆದುಕೊಳ್ಳುತ್ತಾರೆ, ಯಾವ ಮಾಲೀಕರು ಒಳ್ಳೆಯವರು ಅನ್ನುವುದು ಅಲ್ಲಿ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಮೊದಲ ಜಾಮೀನೂ ಅಲ್ಲೇ ಸಿಗಬಹುದು. ಆದರೆ ಅಲ್ಲಿಗೇ ನಿಂತುಬಿಟ್ಟರೆ ಐದು ವರ್ಷ ಆದಮೇಲೂ ಊರು ಕಿಟಕಿಯ ಆಚೆಯೇ ಉಳಿದಿರುತ್ತದೆ. ಅಲ್ಲಿನ ಭಾಷೆ ತಪ್ಪು ತಪ್ಪಾಗಿಯಾದರೂ ಬಾಯಿಗೆ ಬರಬೇಕು.

ಬರ್ಲಿನ್‌ನ ಮನೆಗಳಿಗೆ ಇನ್ನೊಂದು ಗುಣ ಇದೆ. ಬಹಳಷ್ಟು ಬಾಗಿಲುಗಳಿಗೆ ಹೊರಗಡೆ ತಿರುಗಿಸುವ ಹಿಡಿ ಇರುವುದಿಲ್ಲ. ಕಸ ಹಾಕಲು ಕೆಳಗೆ ಹೋದಾಗ ಗಾಳಿಗೆ ಬಾಗಿಲು ಹಾಕಿಕೊಂಡರೆ ಮುಗಿಯಿತು, ಬೀಗದ ಕೈ ಒಳಗೆ, ನೀವು ಹೊರಗೆ. ರಾತ್ರಿ ಹೊತ್ತು ಬೀಗ ತೆಗೆಯುವವರನ್ನು ಕರೆಸಿದರೆ ಜೇಬು ಖಾಲಿ. ಅದಕ್ಕೇ ಅಲ್ಲಿನವರು ಒಂದು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿರುತ್ತಾರೆ. ಹೊಸಬರ ಬಳಿ ಎರಡೂ ಬೀಗದ ಕೈಗಳು ತಿಂಗಳುಗಟ್ಟಲೆ ಒಂದೇ ಗೊಂಚಲಲ್ಲಿ ಇರುತ್ತವೆ. ಯಾರಿಗೆ ಕೊಡುವುದು? ಕೊನೆಗೊಂದು ದಿನ ಧೈರ್ಯ ಮಾಡಿ ಎದುರು ಮನೆಯ ಗಂಟೆ ಒತ್ತುತ್ತೀರಿ. ಅರ್ಧಂಬರ್ಧ ಜರ್ಮನ್‌ನಲ್ಲಿ ಕೇಳುತ್ತೀರಿ. ಅವರು ಬೀಗದ ಕೈ ತೆಗೆದುಕೊಂಡು ಒಳಗಿನ ಮೊಳೆಗೆ ಸಿಕ್ಕಿಸುತ್ತಾರೆ. ಬೇಸಿಗೆ ಬಂದಾಗ ಅವರೇ ಬಂದು ನಿಮ್ಮ ಬಾಗಿಲು ತಟ್ಟುತ್ತಾರೆ. ಎರಡು ವಾರ ಊರಲ್ಲಿರಲ್ಲ, ಗಿಡಕ್ಕೆ ನೀರು ಹಾಕ್ತೀರಾ ಅಂತ ಕೇಳಿ, ತಮ್ಮ ಮನೆಯ ಬೀಗದ ಕೈಯನ್ನು ನಿಮ್ಮ ಕೈಲಿಡುತ್ತಾರೆ.